ರಾಜರ ವಂಶಾವಳಿಯೂ ನನ್ನ ನಲವತ್ತೆಂಟು ಪದ್ಯಗಳೂ



ಕಳೆದ ತಿಂಗಳು ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಚಿತ್ರವನ್ನು ಕಳುಹಿಸಿದ್ದ. ಹಳೆಯ ಹಸ್ತಪ್ರತಿಯೊಂದರ ಪುಟ. ಅದರಲ್ಲಿ ಬಣ್ಣಬಣ್ಣದ ಕೋಟೆಗಳನ್ನು ಬರೆದ ಒಂದು ನಕ್ಷೆ. ಮರುದಿನ ದೂರವಾಣಿಯಲ್ಲಿ ಅವನೇ ವಿವರಿಸಿದ: "ಮೇಷ್ಟ್ರೇ, ಇದು ಇಂಗ್ಲೆಂಡಿನ ರಾಜರ ಚರಿತ್ರೆಯನ್ನು ಪದ್ಯದಲ್ಲಿ ಹೇಳುವ ಗ್ರಂಥವಂತೆ. ನಕ್ಷೆ ಮಾತ್ರ ಸ್ಕಾಟ್ಲೆಂಡಿನದು. ಇಂಗ್ಲೆಂಡಿನ ರಾಜರ ಕಥೆಯಲ್ಲಿ ಸ್ಕಾಟ್ಲೆಂಡಿನ ನಕ್ಷೆ ಏಕೆ? ನಮ್ಮ ಕನ್ನಡದಲ್ಲಿಯೂ ಇಂಥದ್ದು ಇದೆಯೇ?"

ಎಂಟನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ಹೋಗುವ ತುಮಕೂರು ರೈಲನ್ನು ನೋಡುತ್ತಿದ್ದ ಹುಡುಗ ಇಂಥ ಪ್ರಶ್ನೆ ಕೇಳಿದನೆಂದರೆ ಯಾವ ಮೇಷ್ಟರಿಗೆ ಸಂತೋಷವಾಗುವುದಿಲ್ಲ? ಉತ್ಸಾಹದಿಂದ ಮುಕ್ಕಾಲು ಗಂಟೆ ಪಾಠವನ್ನೇ ಮಾಡಿಬಿಟ್ಟೆ. ಆದರೆ ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಉಳಿದ ಅರ್ಧವನ್ನು ದೂರವಾಣಿಯಲ್ಲಿ ಹೇಳಲು ನಾಲಗೆ ಏಳಲಿಲ್ಲ. ಏಕೆಂದರೆ ಅಂಥದೊಂದು ವಂಶಾವಳಿಯ ಕವಿ ಸ್ವತಃ ನಾನೇ. ನಮ್ಮ ಬಂಧುಗಳ ಮನೆಗಳಲ್ಲಿ ಅದರ ಪ್ರತಿಗಳು ಇನ್ನೂ ಇವೆ. ಆ ಉಳಿದ ಅರ್ಧವನ್ನು ಹೇಳುವುದಕ್ಕಾಗಿಯೇ ಇಂದು ಬರೆಯಲು ಕುಳಿತಿದ್ದೇನೆ.

ಮೊದಲು ಆ ಇಂಗ್ಲೆಂಡಿನ ಕವಿಯ ವಿಚಾರ. ಅವನ ಹೆಸರು ಜಾನ್ ಹಾರ್ಡಿಂಗ್, 15ನೆಯ ಶತಮಾನದವನು. ವೃತ್ತಿಯಿಂದ ಯೋಧ, 1403ರ ಶ್ರೂಸ್‌ಬರಿ ಕದನದಲ್ಲಿ ಭಾಗವಹಿಸಿದವನು. ಸ್ಕಾಟ್ಲೆಂಡಿನ ಮೇಲೆ ಇಂಗ್ಲೆಂಡಿನ ರಾಜರಿಗೆ ಪ್ರಾಚೀನ ಕಾಲದಿಂದಲೂ ಅಧಿರಾಜತ್ವವಿದೆಯೆಂದು ಸಾಧಿಸುವುದು ಅವನ ಜೀವಿತದ ಹಂಬಲ. ಅದಕ್ಕೆ ಬೇಕಾದ ದಾಖಲೆಪತ್ರಗಳನ್ನೂ ಅವನು ರಾಜರಿಗೆ ಒಪ್ಪಿಸಿದ್ದ; ಅವುಗಳಲ್ಲಿ ಹಲವು ಕೃತಕವೆಂದು ಬಹುಕಾಲದ ಮೇಲೆ ವಿದ್ವಾಂಸರು ತೋರಿಸಿಕೊಟ್ಟರು. ನಕ್ಷೆ ಇದ್ದುದು ದಂಡೆತ್ತಿ ಹೋಗುವವರಿಗೆ ದಾರಿ ತೋರಲು. ನನ್ನ ಶಿಷ್ಯನ ಮೊದಲ ಪ್ರಶ್ನೆಗೆ ಉತ್ತರ ಇದು.

ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಹಾರ್ಡಿಂಗ್ 1457ರಲ್ಲಿ ತನ್ನ ಕಾವ್ಯವನ್ನು ಲ್ಯಾಂಕಾಸ್ಟರ್ ಮನೆತನದ ಆರನೆಯ ಹೆನ್ರಿಗೆ ಅರ್ಪಿಸಿದ. ಅದೇ ಕಾಲದಲ್ಲಿ ಯಾರ್ಕ್ ಮನೆತನದವರು ಸಿಂಹಾಸನ ತಮಗೆ ಸಲ್ಲಬೇಕೆಂದು ವಾದ ಹೂಡಿದರು. ಕವಿ ಕಾವ್ಯವನ್ನು ತಿದ್ದಿ ಬರೆಯಲು ತೊಡಗಿದ; ಈ ಸಲ ಯಾರ್ಕಿನ ಡ್ಯೂಕ್ ರಿಚರ್ಡನಿಗಾಗಿ. 1460ರಲ್ಲಿ ರಿಚರ್ಡ್ ಯುದ್ಧದಲ್ಲಿ ಮಡಿದ. ಮರುವರ್ಷ ಅವನ ಮಗ ನಾಲ್ಕನೆಯ ಎಡ್ವರ್ಡ್ ಸಿಂಹಾಸನವೇರಿದ. ಕವಿ ಕಾವ್ಯವನ್ನು ಅವನ ಕಡೆಗೆ ತಿರುಗಿಸಿಕೊಂಡ. ರಾಜರು ಅವರೇ, ಕಾಲವೂ ಅದೇ, ಕವಿಯೂ ಒಬ್ಬನೇ. ಆದರೆ ಕಥೆಯ ಧರ್ಮವೇ ಬೇರೆ. ಮೊದಲ ಕೃತಿಯ ನ್ಯಾಯವಾದ ದೊರೆ ಎರಡನೆಯದರಲ್ಲಿ ಪರರ ಆಸ್ತಿಯನ್ನು ಅನುಭವಿಸಿದವನ ಮೊಮ್ಮಗನಾಗಿಬಿಟ್ಟ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಇಂಥದ್ದು ಇದೆಯೇ ಎಂದರೆ ಧಾರಾಳವಾಗಿದೆ. ಕೆಳದಿಯ ನಾಯಕರಿಗೆ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವಿದೆ. ಮೈಸೂರಿನ ಒಡೆಯರಿಗಂತೂ ಒಂದು ಸಾಲೇ ಇದೆ. ಅವುಗಳಲ್ಲಿ ನನಗೆ ಬಹಳ ಹಿಂದಿನಿಂದ ಪ್ರಿಯವಾದದ್ದು ಗೋವಿಂದ ವೈದ್ಯನ 'ಕಂಠೀರವ ನರಸರಾಜ ವಿಜಯ'. 1648ರಲ್ಲಿ ರಚಿತವಾದದ್ದು, 26 ಸಂಧಿಗಳ ಸಾಂಗತ್ಯ ಕಾವ್ಯ. ಸಾಂಗತ್ಯವೆಂದರೆ ವಾದ್ಯದೊಡನೆ ಹಾಡಲು ಒದಗುವ ಛಂದಸ್ಸು ಎಂದು ನಿಮಗೆಲ್ಲ ಕಲಿಸಿದ್ದೇನೆ. ಮರೆತಿದ್ದರೆ ಈಗ ನೆನಪಿಸಿಕೊಳ್ಳಿ. ಕಾವ್ಯವು ಹಾಡುಗಬ್ಬವಾದುದಕ್ಕೂ ಅದರ ಉದ್ದೇಶಕ್ಕೂ ಸಂಬಂಧವಿದೆ. ಶಾಸನವನ್ನು ಓದುವವರು ಕೆಲವರು, ಹಾಡನ್ನು ಕೇಳುವವರು ಹಲವರು.

ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ಗಮನಿಸಬೇಕು. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಅರಸರು ಪೆನುಗೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ ಸರಿದಿದ್ದರು. ಶ್ರೀರಂಗಪಟ್ಟಣದಲ್ಲಿ ಅವರ ಪ್ರತಿನಿಧಿಯಾಗಿ ತಿರುಮಲರಾಜನಿದ್ದ. ಮೈಸೂರಿನ ಒಡೆಯರು ಅವನಿಗೆ ಕಪ್ಪ ಸಲ್ಲಿಸಬೇಕಾದ ಪಾಳೆಯಗಾರರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತಮ್ಮದಾಗಿಸಿಕೊಂಡರು. ಅದೇ ವರ್ಷ ಅಲ್ಲಿ ಮಹಾನವಮಿಯನ್ನು ವಿಜಯನಗರದ ಮಾದರಿಯಲ್ಲಿ ಆಚರಿಸಿದರು. ಇಂದು ನಾವು ಮೈಸೂರು ದಸರಾ ಎಂದು ಕರೆಯುವ ಉತ್ಸವದ ಆರಂಭ ಅದು.

ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದದ್ದು 1638ರಲ್ಲಿ. ಅವರು ರಾಜ ಒಡೆಯರ ನೇರ ಸಂತಾನವಲ್ಲ. ಸೋದರ ಬೆಟ್ಟದ ಚಾಮರಾಜ ಒಡೆಯರ ಮಗ. ಅವರಿಗೆ ಮುಂಚೆ ಆಳಿದ ಇಮ್ಮಡಿ ರಾಜ ಒಡೆಯರು ಪಟ್ಟವೇರಿದ ಸ್ವಲ್ಪ ಕಾಲದಲ್ಲಿಯೇ ಮೃತರಾದರು. ಅದು ದಳವಾಯಿಯ ಪಿತೂರಿಯೆಂದು ಪರಂಪರೆ ಹೇಳುತ್ತದೆ. ಹೀಗೆ ಅನುಮಾನದ ನೆರಳಿನಲ್ಲಿ, ಬೇರೊಂದು ಕವಲಿನಿಂದ ಬಂದ ದೊರೆಗೆ ಪ್ರಜೆಗಳೆದುರು, ಸುತ್ತಲ ಪಾಳೆಯಗಾರರೆದುರು ಹೇಳಬೇಕಾದ ಮಾತುಗಳು ಎರಡಿದ್ದವು. ಒಂದು, ಈ ಪಟ್ಟ ನನ್ನದು. ಎರಡು, ವಿಜಯನಗರದ ಹಿರಿಮೆ ಈಗ ಇಲ್ಲಿ ನೆಲೆಸಿದೆ. ಅವರು ತಮ್ಮದೇ ಟಂಕಸಾಲೆಯನ್ನು ತೆರೆದು ಕಂಠೀರಾಯಿ ಹಣವನ್ನು ಹೊರಡಿಸಿದ್ದೂ ಈ ಎರಡನೆಯ ಮಾತನ್ನೇ ಹೇಳಲು. ಕೈಯಿಂದ ಕೈಗೆ ಹೋಗುವ ನಾಣ್ಯ ಒಂದು ಬಗೆಯ ಘೋಷಣೆ. ಬಾಯಿಂದ ಬಾಯಿಗೆ ಹೋಗುವ ಕಾವ್ಯ ಇನ್ನೊಂದು ಬಗೆಯದು.

ಗೋವಿಂದ ವೈದ್ಯನ ಕಾವ್ಯದಲ್ಲಿ ಶ್ರೀರಂಗಪಟ್ಟಣದ ವರ್ಣನೆ, ಆಸ್ಥಾನದ ಸಂಗೀತ, ಮಹಾನವಮಿಯ ಒಡ್ಡೋಲಗಗಳು ವಿಸ್ತಾರವಾಗಿ ಬರುತ್ತವೆ. ಎಳೆಯ ವಯಸ್ಸಿನಲ್ಲಿ ಓದಿದಾಗ ಇವೆಲ್ಲ ಅಷ್ಟಾದಶ ವರ್ಣನೆಯ ಹಳೆಯ ಚಾಳಿ ಎಂದುಕೊಂಡು ಪುಟ ಮಗುಚಿದ್ದೆ. ಆಮೇಲೆ ತಿಳಿಯಿತು, ಅದೇ ಕಾವ್ಯದ ತಿರುಳು. ಸಾಮ್ರಾಟನ ಹಬ್ಬವನ್ನು ಯಾರು ಮಾಡುತ್ತಾರೋ ಅವರೇ ಸಾಮ್ರಾಟರು. ಹಂಪೆಯ ಮಹಾನವಮಿ ದಿಬ್ಬ ಬರಿದಾಯಿತು, ಆದರೆ ಹಬ್ಬ ಕಾವೇರಿಯ ದಡಕ್ಕೆ ಬಂದಿದೆ ಎಂದು ಕವಿ ವರ್ಣನೆಯ ನೆಪದಲ್ಲಿ ಸಾರುತ್ತಿದ್ದಾನೆ.

ಕಾವ್ಯದ ಮತ್ತೊಂದು ಮುಖ್ಯ ಘಟ್ಟ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಮುತ್ತಿಗೆ. ಚಿಕ್ಕಬಾಣಾವರದವರಾದ ನಮಗೆ ಈ ಭಾಗದಲ್ಲಿ ಒಂದು ವಿಶೇಷ ಆಸಕ್ತಿ ಇರಬೇಕು, ಏಕೆಂದರೆ ಆ ದಂಡು ಹೊರಟದ್ದು ನಮ್ಮ ಕಡೆಯಿಂದ! 1638ರ ಕೊನೆಯ ವೇಳೆಗೆ ಖಾನನು ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಕಿತ್ತುಕೊಂಡ. ಅವರು ಮಾಗಡಿಗೆ ಸರಿದರು. ಬೆಂಗಳೂರು ಷಹಾಜಿಯ ಜಹಗೀರಾಯಿತು. ಯಲಹಂಕಕ್ಕೂ ಬೆಂಗಳೂರಿಗೂ ಇಷ್ಟು ಸಮೀಪದ ನಮ್ಮ ಸೀಮೆಯ ರೈತರು ಯಾರಿಗೆ ಕಂದಾಯ ಕೊಡಬೇಕೆಂದು ತಿಳಿಯದೆ ಕಂಗಾಲಾಗಿದ್ದಿರಬೇಕು. ಬೆಂಗಳೂರಿನಿಂದ ಮುಂದುವರಿದ ಖಾನನ ಸೈನ್ಯ 1639ರ ಜನವರಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿತು. ಗೋವಿಂದ ವೈದ್ಯನ ಪ್ರಕಾರ ಕಂಠೀರವರು ಶತ್ರುವನ್ನು ಬಡಿದು ಅಟ್ಟಿದರು. ಬಿಜಾಪುರದ ಪರವಾದ ಪಾರಸಿ ಚರಿತ್ರೆಯನ್ನು ಕೇಳಿದರೆ ಶ್ರೀರಂಗಪಟ್ಟಣದ ರಾಜ ಕಪ್ಪ ಕೊಟ್ಟು ತನ್ನನ್ನು ಉಳಿಸಿಕೊಂಡ. ಎರಡು ಆಸ್ಥಾನ, ಎರಡು ಗೆಲುವು! ಎರಡೂ ಕಡೆಯವರು ಒಪ್ಪುವ ಸಂಗತಿ ಒಂದೇ: ಶ್ರೀರಂಗಪಟ್ಟಣ ಒಡೆಯರ ಕೈಯಲ್ಲಿಯೇ ಉಳಿಯಿತು, ಖಾನ ಹಿಂದಿರುಗಿದ.

ನಮ್ಮ ನೆಲ ಮೈಸೂರಿಗೆ ಸೇರಿದ್ದು ಇದಾದ ಸುಮಾರು ಐವತ್ತು ವರ್ಷಗಳ ಮೇಲೆ. 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನು ಬೆಂಗಳೂರನ್ನು ಹಿಡಿದು ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಒಪ್ಪಿಸಿದನೆಂದು ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ಯುದ್ಧವಿಲ್ಲ, ಬರಿಯ ಕ್ರಯ. ನಿವೇಶನದ ವ್ಯಾಪಾರ ನಮ್ಮ ಕಡೆ ಇಂದು ನಿನ್ನೆಯದಲ್ಲ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

ಆ ಚಿಕ್ಕದೇವರಾಜರ ಆಸ್ಥಾನದಲ್ಲಿ ವಂಶಾವಳಿ ಇನ್ನೂ ಎತ್ತರಕ್ಕೆ ಬೆಳೆಯಿತು. ಅವರ ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯನು 'ಚಿಕದೇವರಾಜ ವಂಶಾವಳಿ'ಯಲ್ಲಿ ಒಡೆಯರ ಬೇರನ್ನು ದ್ವಾರಕೆಯ ಯಾದವರವರೆಗೆ ಒಯ್ದ. ಹೊಯ್ಸಳರೂ ಸೇವುಣರೂ ವಿಜಯನಗರದ ಸಂಗಮರೂ ಯದುವಂಶದವರೆಂದೇ ಹೇಳಿಕೊಂಡವರು. ದಕ್ಷಿಣದಲ್ಲಿ ದೊಡ್ಡ ಅರಸನೆನಿಸಲು ಅದೇ ಮೆಟ್ಟಿಲು. ಹಾರ್ಡಿಂಗನೂ ತನ್ನ ರಾಜರ ಕಥೆಯನ್ನು ಟ್ರಾಯ್ ನಗರದಿಂದ ಬಂದನೆನ್ನುವ ಬ್ರೂಟಸನವರೆಗೆ ಹಿಂದಕ್ಕೆ ಒಯ್ದಿದ್ದ. ಅವರಿಗೆ ಟ್ರಾಯ್, ನಮಗೆ ದ್ವಾರಕೆ. ಎರಡೂ ನಾಶವಾದ ನಗರಗಳು, ಹೋಗಿ ವಿಚಾರಿಸುವಂತಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು 1610ರ ಘಟನೆ. ಶ್ರೀರಂಗಪಟ್ಟಣ ಕೈಗೆ ಬಂದದ್ದು ಹೇಗೆ? ಒಂದು ಕಥೆಯಂತೆ ರಾಜ ಒಡೆಯರು ಬಲದಿಂದ ಗೆದ್ದರು. 1596ರಲ್ಲಿ ಕೆಸರೆಯ ಬಳಿ ತಿರುಮಲರಾಜನ ಸೈನ್ಯವನ್ನು ಸೋಲಿಸಿದವರು ಕೊನೆಗೆ ರಾಜಧಾನಿಯನ್ನೂ ತೆಗೆದುಕೊಂಡರು. 17ನೆಯ ಶತಮಾನದ ಆಸ್ಥಾನಕವಿಗಳಿಗೆ ಒಪ್ಪಿದ ಕಥೆ ಅದು. ಇನ್ನೊಂದು ಕಥೆಯಂತೆ ತಿರುಮಲರಾಜನು ಬೆನ್ನುಫಣಿ ರೋಗದಿಂದ ನರಳಿ, ರಾಜ್ಯವನ್ನು ರಾಜ ಒಡೆಯರ ವಶಕ್ಕೆ ಒಪ್ಪಿಸಿ, ತಲಕಾಡಿಗೆ ಹೊರಟುಹೋದ. ಅರಮನೆಯ ಪರಂಪರೆಯಲ್ಲಿ ಮುಂದೆ ನೆಲೆಗೊಂಡದ್ದು ಈ ಕಥೆ. 1810ರಲ್ಲಿ ತನ್ನ ಮೈಸೂರು ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ವಿಲ್ಕ್ಸನೇ ಹಸ್ತಪ್ರತಿಗಳು ಇಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೆಂದು ಕೈಚೆಲ್ಲಿದ್ದಾನೆ.

ಯಾವುದು ನಿಜವೆನ್ನುವುದಕ್ಕಿಂತ ಯಾವುದು ಯಾವಾಗ ಉಪಯೋಗಕ್ಕೆ ಬಂತು ಎಂದು ಕೇಳುವುದು ಹೆಚ್ಚು ಫಲದಾಯಕವೆಂದು ನನಗೆ ತೋರುತ್ತದೆ. ಸುತ್ತಲೂ ಶತ್ರುಗಳಿದ್ದ ಕಂಠೀರವರ ಕಾಲಕ್ಕೆ ಪರಾಕ್ರಮದ ಕಥೆ ಬೇಕಾಗಿತ್ತು. 1799ರಲ್ಲಿ ಇಂಗ್ಲಿಷರು ಪರಂಪರೆಯ ಹಕ್ಕಿನ ಹೆಸರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ರಾಜ್ಯವನ್ನು ಕೊಟ್ಟರು; 1831ರಲ್ಲಿ ಆಡಳಿತವನ್ನು ತಾವೇ ವಹಿಸಿಕೊಂಡರು; ಅದು ಅರಮನೆಗೆ ಹಿಂದಿರುಗಿದ್ದು 1881ರಲ್ಲಿ. ಕತ್ತಿ ಹಿಡಿಯುವಂತಿಲ್ಲದೆ ಅರ್ಜಿಯನ್ನೇ ಬರೆಯಬೇಕಾಗಿದ್ದ ಆ ದಿನಗಳಲ್ಲಿ, 'ಗೆದ್ದುಕೊಂಡೆವು' ಎನ್ನುವುದಕ್ಕಿಂತ 'ಧರ್ಮವಾಗಿ ನಮಗೆ ಒಪ್ಪಿಸಲಾಯಿತು' ಎನ್ನುವುದು ಹೆಚ್ಚು ಬಾಳುವ ಮಾತು. ಕತ್ತಿಯ ಕಾಲಕ್ಕೆ ಕತ್ತಿಯ ಕಥೆ, ಕಾಗದದ ಕಾಲಕ್ಕೆ ಕಾಗದದ ಕಥೆ.

ಇದಲ್ಲದೆ ಮೂರನೆಯ ಕಥೆಯೊಂದಿದೆ. ಅದನ್ನು ನೀವೆಲ್ಲರೂ ಬಲ್ಲಿರಿ. ಪ್ರತಿನಿಧಿಯ ಪತ್ನಿ ಅಲಮೇಲಮ್ಮ, ಅವಳ ಒಡವೆಗಳು, ಅವುಗಳಿಗಾಗಿ ಬಂದ ಭಟರು, ಮಾಲಂಗಿಯ ಮಡುವು, ಆಕೆ ಕೊಟ್ಟಳೆನ್ನುವ ಶಾಪ. ಗೆಲುವಿನ ಕಥೆಗೂ ಆಕೆ ಬೇಕಾಗಿಲ್ಲ, ಒಪ್ಪಿಗೆಯ ಕಥೆಗೂ ಬೇಕಾಗಿಲ್ಲ. ಆದರೆ ಜನ ಆಕೆಯನ್ನು ಬಿಡಲಿಲ್ಲ. ಅರಮನೆಯಲ್ಲಿಯೇ ಆಕೆಗೆ ಪೂಜೆ ಸಲ್ಲುತ್ತ ಬಂದಿದೆ. ಶಾಪ ನಿಜವೇ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು, "ಶಾಪದ ವಿಚಾರ ಬಿಡಿ, ಲೆಕ್ಕಕ್ಕೆ ಬಾರದೆ ಹೋದವರೊಬ್ಬರು ಇದ್ದರು ಎಂಬುದನ್ನು ಜನ ನೆನಪಿಟ್ಟುಕೊಂಡ ಬಗೆ ಅದು" ಎನ್ನುತ್ತಿದ್ದೆ. ಹೀಗೆ ದೊಡ್ಡ ಮಾತನ್ನಾಡುತ್ತಿದ್ದ ಮೇಷ್ಟರು ಸ್ವಂತ ಮನೆಯಲ್ಲಿ ಮಾಡಿದ್ದೇನು ಎಂಬುದು ಇನ್ನು ಮುಂದಿನ ಭಾಗ.

1996ನೆಯ ಇಸವಿ. ನಮ್ಮ ತಾತನವರು ಹುಟ್ಟಿ ನೂರು ವರ್ಷ. ದೊಡ್ಡಪ್ಪನ ಮಗ, ನಮ್ಮೆಲ್ಲರ ಅಣ್ಣ, ಕುಟುಂಬದವರನ್ನೆಲ್ಲ ಒಂದೆಡೆ ಸೇರಿಸಬೇಕೆಂದು ನಿಶ್ಚಯಿಸಿದ. ನನ್ನ ಪಾಲಿಗೆ ಬಂದ ಕೆಲಸ ವಂಶಾವಳಿಯನ್ನು ಪದ್ಯದಲ್ಲಿ ಬರೆದು ಓದುವುದು. ಕನ್ನಡ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಆಸ್ಥಾನ ಎಲ್ಲಿ ದೊರೆತೀತು? ಸಾಂಗತ್ಯವನ್ನೇ ಆರಿಸಿಕೊಂಡೆ. ಮುತ್ತಾತನವರು ಈ ಊರಿಗೆ ಬಂದದ್ದು, ತಾತನವರು ದುಡಿದು ಕೆರೆಯ ಕೆಳಗೆ ಎರಡು ಎಕರೆ ಕೊಂಡದ್ದು, ಅವರ ನಾಲ್ವರು ಗಂಡುಮಕ್ಕಳು ಮನೆಯ ನಾಲ್ಕು ಕಂಬಗಳಂತೆ ನಿಂತದ್ದು, ಎಲ್ಲವನ್ನೂ 48 ಪದ್ಯಗಳಲ್ಲಿ ತುಂಬಿದೆ. ಯಶವಂತಪುರದ ಮುದ್ರಣಾಲಯವೊಂದರಲ್ಲಿ 200 ಪ್ರತಿ ಅಚ್ಚು ಹಾಕಿಸಿದೆವು.

ತಾತನವರಿಗೆ ಐವರು ಮಕ್ಕಳು. ಐದನೆಯವರು ನನ್ನ ಸೋದರತ್ತೆ.

ಅತ್ತೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳೊಬ್ಬಳನ್ನು ಎತ್ತಿಕೊಂಡು ತವರಿಗೆ ಹಿಂದಿರುಗಿದವರು. ನನ್ನ ತಂದೆ, ದೊಡ್ಡಪ್ಪ, ಚಿಕ್ಕಪ್ಪಂದಿರು ಜಾಲಹಳ್ಳಿಯ ಕಾರ್ಖಾನೆಗಳಿಗೂ ಪಟ್ಟಣದ ಅಂಗಡಿಗಳಿಗೂ ದುಡಿಯಲು ಹೊರಟ ಮೇಲೆ ಆ ಎರಡು ಎಕರೆಯನ್ನು ಮಾಡಿದವರು ಅವರು. ಕೆರೆಯ ನೀರಿನ ಸರದಿಗೆ ರಾತ್ರಿ ಲಾಂದ್ರ ಹಿಡಿದು ಹೋಗುತ್ತಿದ್ದವರು, ರಾಗಿಯ ಕಣದಲ್ಲಿ ಕಾವಲು ಮಲಗುತ್ತಿದ್ದವರು, ಕೊನೆಯ ವರ್ಷಗಳಲ್ಲಿ ತಾತನವರನ್ನು ನೋಡಿಕೊಂಡವರು, ಎಲ್ಲ ಅವರೇ. ನನಗೆ ಬಿ.ಎಡ್. ಪ್ರವೇಶ ದೊರೆತಾಗ ಶುಲ್ಕ ಕಟ್ಟಲು ಹಣವಿರಲಿಲ್ಲ. ಅತ್ತೆ ತಮ್ಮ ಎರಡು ಬಳೆಗಳನ್ನು ಬಿಚ್ಚಿ ಕೊಟ್ಟರು. ನಾನು ಮೇಷ್ಟರಾದದ್ದು ಹಾಗೆ.

ಕರಡನ್ನು ಅಣ್ಣನಿಗೆ ತೋರಿಸಿದಾಗ ಅದರಲ್ಲಿ ಅತ್ತೆಯ ಮೇಲೆ ನಾಲ್ಕು ಪದ್ಯಗಳಿದ್ದವು. ಅಣ್ಣ ಓದಿ, "ಅತ್ತೆ ವಿಚಾರ ಬೇಡ ಕಣೋ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಸುಮ್ಮನೆ ಉದ್ದ ಆಗುತ್ತೆ" ಎಂದ. ನಾನು ಒಂದು ಮಾತನ್ನೂ ಆಡಲಿಲ್ಲ. ನಾಲ್ಕು ಕಂಬಗಳ ಉಪಮೆಗೆ ಐದನೆಯದು ಹೊಂದುವುದಿಲ್ಲ, ಕಾವ್ಯದ ಬಂಧಕ್ಕೆ ಅದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡು ಆ ನಾಲ್ಕನ್ನೂ ತೆಗೆದುಹಾಕಿದೆ. ಚಿಕ್ಕದೇವರಾಜರ ಆಸ್ಥಾನದಲ್ಲಿಯೇ ಇದ್ದ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದದ್ದು ಇದೇ ಸಾಂಗತ್ಯದಲ್ಲಿ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ಪ್ರಶ್ನಿಸುವ ಭಾಗವನ್ನು ನಾನು ಎಷ್ಟು ವರ್ಷ, ಎಷ್ಟು ಭಾವಾವೇಶದಿಂದ ಪಾಠ ಮಾಡಿದ್ದೇನೆಂಬುದಕ್ಕೆ ನೀವೇ ಸಾಕ್ಷಿ.

ಸಮಾರಂಭದ ದಿನ ಅತ್ತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರಿಗೆ ಓದು ಬರಹ ಬಾರದು. ಆದರೆ ಸೋಬಾನೆ ಪದಗಳು ನೂರಾರು ಬಾಯಲ್ಲಿದ್ದವು, ಆದ್ದರಿಂದ ಪದ್ಯದ ಧಾಟಿ ಬಲ್ಲವರು. ಇಡೀ ಓದನ್ನು ಕೈಕಟ್ಟಿ ಕೇಳಿದರು. ಮುಗಿದ ಮೇಲೆ ಹತ್ತಿರ ಕರೆದು ತಲೆ ಸವರಿ, "ಚೆನ್ನಾಗಿ ಓದ್ದೆ ಕಣಪ್ಪ. ನಾನು ಎಲ್ಲಿ ಬರ್ತೀನೋ ಅಂತ ಕಾಯ್ತಾ ಕೂತಿದ್ದೆ" ಎಂದರು. ಕೋಪವಿರಲಿಲ್ಲ. ಸಂಜೆಯವರೆಗೂ ಎಲೆ ಹಾಕಿ, ಎಲ್ಲರಿಗೂ ಬಡಿಸಿದರು.

ಇದಾಗಿ ಕೆಲವು ತಿಂಗಳಿಗೆ ಆ ಎರಡು ಎಕರೆಯ ಪೌತಿ ಖಾತೆಯ ಕೆಲಸ ಆರಂಭವಾಯಿತು. ತಾತನವರು 1971ರಲ್ಲಿಯೇ ತೀರಿಕೊಂಡಿದ್ದರೂ ಪಹಣಿ ಅವರ ಹೆಸರಿನಲ್ಲಿಯೇ ಇತ್ತು. ಪೀಣ್ಯದ ಕಡೆಯಿಂದ ಬಡಾವಣೆಗಳು ನಮ್ಮ ಊರಿನತ್ತ ಬರುತ್ತಿದ್ದ ಕಾಲ. ಕೊಳ್ಳುವವರು ಬಾಗಿಲಿಗೆ ಬಂದಿದ್ದರು. ವಂಶವೃಕ್ಷವನ್ನು ಬರೆದು ಕೊಡಬೇಕಾಯಿತು. ಅಣ್ಣ ಬರೆಸಿದ ವೃಕ್ಷದಲ್ಲಿ ನಾಲ್ಕೇ ಕೊಂಬೆ. ವಿಚಾರಣೆಗೆ ಬಂದವರು, "ಇವರಿಷ್ಟೇ ಮಕ್ಕಳೇ?" ಎಂದು ಕೇಳಿದಾಗ ನೆರೆದಿದ್ದ ಹಿರಿಯರೊಬ್ಬರು, "ಮೇಷ್ಟ್ರು ಪುಸ್ತಕದಲ್ಲೇ ಬರೆದವರಲ್ಲ ಸ್ವಾಮಿ" ಎಂದು ಗೂಟಕ್ಕೆ ಸಿಕ್ಕಿಸಿದ್ದ ನನ್ನ ಕಾವ್ಯವನ್ನು ತೆಗೆದು ತೋರಿಸಿದರು. ಮಹಜರಿಗೆ ಸಹಿಗಳು ಬಿದ್ದವು. ನಾನೂ ಅಲ್ಲಿಯೇ ನಿಂತಿದ್ದೆ.

ಅದು ತಾತನವರ ಸ್ವಯಾರ್ಜಿತ ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕರ್ನಾಟಕದ 1994ರ ತಿದ್ದುಪಡಿಗಾಗಲಿ, 2005ರ ಕೇಂದ್ರದ ತಿದ್ದುಪಡಿಗಾಗಲಿ ಕಾಯಬೇಕಾದ ಅಗತ್ಯವೇ ಇರಲಿಲ್ಲ. ಐದರಲ್ಲಿ ಒಂದು ಪಾಲು ಅತ್ತೆಯದು. ಅದು ನಾಲ್ಕಾಗಿ ನಮ್ಮೆಲ್ಲರಲ್ಲಿ ಹಂಚಿಹೋಯಿತು. ನನ್ನ ತಂದೆಯವರ ಪಾಲಿನಿಂದ ಬಂದ ಹಣದಲ್ಲಿ ಕೊಂಡ ನಿವೇಶನದ ಮೇಲೆ ಕಟ್ಟಿದ ಮನೆಯಲ್ಲಿಯೇ ಕುಳಿತು ನಾನು ಇದನ್ನು ಬರೆಯುತ್ತಿದ್ದೇನೆ. ಅತ್ತೆ 2003ರಲ್ಲಿ ತೀರಿಕೊಂಡರು. ಕೊನೆಯವರೆಗೂ ಈ ಮಾತನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅಣ್ಣ ಈಗ ಇಲ್ಲ. ಇಲ್ಲದವನ ಮೇಲೆ ಹೊರಿಸುವುದು ಸುಲಭ. ಅವನು ತಾನು ಬೇಡುತ್ತಿರುವುದು ಏನೆಂದು ತಿಳಿದು ಬೇಡಿದನೋ, ಅಥವಾ ಆ ಗಾದೆಯನ್ನು ನಿಜವಾಗಿಯೂ ನಂಬಿದ್ದನೋ ನಾನು ವಿಚಾರ ಮಾಡಲು ಹೋಗುವುದಿಲ್ಲ. ಪದ್ಯ ತೆಗೆದ ಕೈ ನನ್ನದು. ಹಾರ್ಡಿಂಗನಿಗೆ ಪಿಂಚಣಿಯ ಆಸೆಯಿತ್ತು, ಆಸ್ಥಾನಕವಿಗಳಿಗೆ ಅನ್ನದ ಋಣವಿತ್ತು. ನನಗೆ ಅಂಥ ಒತ್ತಾಯವೇನಿತ್ತು? ಹಿರಿಯಣ್ಣನ ಮುಂದೆ ಎದುರು ಮಾತನಾಡುವ ಮುಜುಗರ ಮತ್ತು ಸಭೆಯಲ್ಲಿ ಓದಿ ಶಾಲು ಹೊದಿಸಿಕೊಳ್ಳುವ ಚಪಲ. ಇಷ್ಟೇ. ರಾಜಕೀಯ ಉದ್ದೇಶವೆಂಬುದು ಅರಮನೆಯಲ್ಲಿ ಮಾತ್ರ ಇರುವುದೆಂದು ತಿಳಿದಿದ್ದೆ. ಯಾರು ಯಾರ ಮಗ ಎಂದು ಹೇಳಿದ ಕೂಡಲೇ ಯಾವುದು ಯಾರದು ಎಂದೂ ಹೇಳಿದಂತಾಯಿತು. ಕವಿಗೆ ಅದು ತಿಳಿದಿರಲಿ, ತಿಳಿಯದಿರಲಿ, ಪದ್ಯ ತನ್ನ ಕೆಲಸವನ್ನು ಮಾಡಿಬಿಡುತ್ತದೆ.

ಈಗ ಇದನ್ನೆಲ್ಲ ಏಕೆ ಬರೆದೆನೆಂದರೆ, ಬರುವ ಸಂಕ್ರಾಂತಿಗೆ ಕುಟುಂಬದ ಕಿರಿಯರು ಮತ್ತೊಮ್ಮೆ ಎಲ್ಲರನ್ನೂ ಸೇರಿಸುತ್ತಿದ್ದಾರೆ. 'ತಾತನ ವಂಶಾವಳಿ'ಯನ್ನು ಬಣ್ಣದ ಚಿತ್ರಗಳೊಂದಿಗೆ ಮರುಮುದ್ರಿಸಲು ನನ್ನ ಅನುಮತಿ ಕೇಳಿದ್ದಾರೆ. ಮೊದಲು ಬೇಡವೆಂದುಬಿಡೋಣ ಎನ್ನಿಸಿತು. ಆಮೇಲೆ ಶ್ರೀರಂಗಪಟ್ಟಣದ ಕಥೆಗಳು ನೆನಪಾದವು. ಒಂದನ್ನು ಸುಟ್ಟು ಇನ್ನೊಂದನ್ನು ಉಳಿಸಿದ್ದರೆ ನಮಗೆ ಏನು ತಿಳಿಯುತ್ತಿತ್ತು? ಎರಡನ್ನೂ ಪಕ್ಕದಲ್ಲಿಟ್ಟಾಗ ಮಾತ್ರ ಯಾವುದನ್ನು ಯಾರು, ಯಾವಾಗ, ಏಕೆ ಹೇಳಿದರು ಎಂಬುದು ಕಾಣುತ್ತದೆ.

ಆದ್ದರಿಂದ ಕಿರಿಯರಿಗೆ ಒಂದು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದೇನೆ. ಹಳೆಯ 48 ಪದ್ಯಗಳನ್ನು ಒಂದಕ್ಷರವೂ ತಿದ್ದದೆ, 1996 ಎಂದು ಮೇಲೆ ನಮೂದಿಸಿ ಅಚ್ಚು ಹಾಕಬೇಕು. ಅವುಗಳ ಮುಂದೆ ಅಂದು ತೆಗೆದುಹಾಕಿದ ನಾಲ್ಕು ಪದ್ಯಗಳನ್ನೂ (ನೆನಪಿನಿಂದ ಬರೆದುಕೊಂಡಿದ್ದೇನೆ), ಹೊಸದೊಂದನ್ನೂ ಈ ವರ್ಷದ ತಾರೀಖಿನೊಂದಿಗೆ ಸೇರಿಸಬೇಕು. ಅವು ಏಕೆ ಬಿಟ್ಟುಹೋಗಿದ್ದವು ಎಂಬುದನ್ನು ನಾಲ್ಕು ಸಾಲಿನ ಗದ್ಯದಲ್ಲಿ ನಾನೇ ಬರೆದು ಸಹಿ ಮಾಡುತ್ತೇನೆ. ಕೊನೆಯಲ್ಲಿ ಮುದ್ರಿಸುವ ವಂಶವೃಕ್ಷದಲ್ಲಿ ಐದು ಕೊಂಬೆಗಳಿರಬೇಕು; ಐದನೆಯ ಕೊಂಬೆಯ ಮಕ್ಕಳು, ಮೊಮ್ಮಕ್ಕಳ ಹೆಸರುಗಳೂ ಇರಬೇಕು.

ಹೋದ ವಾರ ಈ ಕರಡನ್ನು ತೆಗೆದುಕೊಂಡು ಅತ್ತೆಯ ಮಗಳ ಮನೆಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು ಐದೂ ಪದ್ಯಗಳನ್ನು ಓದಿ, "ಅಮ್ಮ ಆ ಹಳೇ ಪುಸ್ತಕಾನ ಪೆಟ್ಟಿಗೇಲಿ ಇಟ್ಕೊಂಡಿದ್ಳು ಬಾವ. ಅದರಲ್ಲಿ ತಾನಿಲ್ಲ ಅಂತ ಗೊತ್ತಿದ್ರೂ, ನಮ್ಮ ಹುಡುಗ ಬರ್ದಿದ್ದು ಅನ್ನೋಳು" ಎಂದಳು. ಒಳಗೆ ಹೋಗಿ ಕಾಫಿ ತಂದಳು. ನಾನು ತಲೆ ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ಅಕ್ಷರದಿಂದ ಹೋದ ನೆಲ ಅಕ್ಷರದಿಂದ ಬರುವುದಿಲ್ಲ. ಅಲ್ಲಿ ಈಗ ಮೂರು ಅಂತಸ್ತಿನ ಮನೆಗಳು ನಿಂತಿವೆ. ನನ್ನ ಪಾಲಿಗೆ ಬಂದದ್ದರಲ್ಲಿ ಅವಳಿಗೆ ಸೇರಬೇಕಾಗಿದ್ದೆಷ್ಟು ಎಂದು ನಾನೂ ನನ್ನ ಮಕ್ಕಳೂ ಕುಳಿತು ಲೆಕ್ಕ ಹಾಕಿದ್ದೇವೆ, ಅದನ್ನು ಸಲ್ಲಿಸುವ ಬಗೆಯನ್ನೂ ನಿಶ್ಚಯಿಸಿದ್ದೇವೆ. ಉಳಿದ ಮೂರು ಕೊಂಬೆಗಳ ಬಂಧುಗಳಿಗೆ ನಾನು ಏನನ್ನೂ ಹೇಳುವುದಿಲ್ಲ. ಅವರೂ ಇದನ್ನು ಓದುತ್ತಾರೆ, ಅಷ್ಟು ಸಾಕು.

ಅತ್ತೆಯ ಹೆಸರನ್ನು ಇಲ್ಲಿ ಬರೆಯಲಿಲ್ಲವೆಂದು ಕೆಲವರು ಕೇಳಬಹುದು. ಎಲ್ಲಿ ಬರೆಯಬೇಕಾಗಿತ್ತೋ ಅಲ್ಲಿ ಬರೆದಿದ್ದೇನೆ. ಸಂಕ್ರಾಂತಿಯ ದಿನ ಅದನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಲಂಡನ್ನಿನ ಶಿಷ್ಯನಿಗೂ ಒಂದು ಪ್ರತಿಯನ್ನು ಕಳುಹಿಸುತ್ತೇನೆ. ಅವನ ಪ್ರಶ್ನೆಗೆ ಉಳಿಸಿಕೊಂಡಿದ್ದ ಅರ್ಧ ಉತ್ತರ ಅದರಲ್ಲಿರುತ್ತದೆ.

ಎಲ್ಲರಿಗೂ ಶುಭವಾಗಲಿ.

ಇಂತು ನಿಮ್ಮ ಮೇಷ್ಟ್ರು,
ಚಿಕ್ಕಬಾಣಾವರ